ಮಿಣುಕುವ ದೀಪ, ಸವೆದ ಹೋಲ್ಡರ್: ಹಳೆಯ ಕಾರಿನ ಬೆಳಕನ್ನು ಸರಿಪಡಿಸುವ ಬಗೆ

ಹಳೆಯ ಕಾರಿನ ಹಿಂದಿನ ದೀಪ ಮಂಕಾದಾಗ ಮೊದಲು ಬದಲಾಗುವುದು ಬಲ್ಬು. ಹೊಸ ಬಲ್ಬು ಹಾಕಿದ ಮೇಲೂ ಬೆಳಕು ಅಷ್ಟಕ್ಕಷ್ಟೇ ಇದ್ದರೆ ನೇರವಾಗಿ ವೈರಿಂಗಿಗೆ ಕೈ ಹಾಕಲಾಗುತ್ತದೆ. ಇವೆರಡರ ನಡುವೆ ಇರುವ ಹೋಲ್ಡರನ್ನು ಬಿಚ್ಚಿ ನೋಡುವವರು ಕಡಿಮೆ. ಆದರೆ ನಲವತ್ತು ಐವತ್ತು ಮಳೆಗಾಲ ಕಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಕಾರುಗಳಲ್ಲಿ ದೋಷ ಸಾಮಾನ್ಯವಾಗಿ ಅಡಗಿರುವುದು ಅಲ್ಲಿಯೇ. ಬಿಗಿ ಕಳೆದುಕೊಂಡ ಸ್ಪ್ರಿಂಗ್, ಕಿಲುಬು ಹಿಡಿದ ಹಿತ್ತಾಳೆ, ತುಕ್ಕು ತಿಂದ ತಗಡು, ಸಡಿಲಾದ ಅರ್ತ್ ಇವುಗಳಲ್ಲಿ ಒಂದಲ್ಲ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಇದನ್ನು ಸರಿಪಡಿಸದೆ ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಬೆಳಕು ಹೆಚ್ಚುವುದಿಲ್ಲ, ಹೋಲ್ಡರ್ ಮಾತ್ರ ಇನ್ನಷ್ಟು ಕಾಯುತ್ತದೆ.

ಮನೆಯ ದೀಪಕ್ಕೆ ಎರಡು ವೈರು ಬಂದರೆ ಆ ಕಾಲದ ಕಾರುಗಳ ಹೆಚ್ಚಿನ ದೀಪಗಳಿಗೆ ಬರುವುದು ಒಂದೇ. ಕರೆಂಟು ಹಿಂತಿರುಗುವ ದಾರಿ ಕಾರಿನ ಬಾಡಿ. ವೈರಿನಿಂದ ಹೋಲ್ಡರಿನ ತಳದಲ್ಲಿರುವ ಹಿತ್ತಾಳೆಯ ಗುಂಡಿಗೆ, ಅಲ್ಲಿಂದ ಬಲ್ಬಿನ ಬುಡದ ಬೆಸುಗೆಯ ಬೊಟ್ಟಿಗೆ, ತಂತುವನ್ನು ಹಾದು ಬಲ್ಬಿನ ಹಿತ್ತಾಳೆ ಟೋಪಿಗೆ, ಟೋಪಿಯಿಂದ ಹೋಲ್ಡರಿನ ಗೋಡೆಗೆ, ಗೋಡೆಯಿಂದ ದೀಪದ ತಳತಗಡಿಗೆ, ತಗಡಿನಿಂದ ಸ್ಕ್ರೂ ಮೂಲಕ ಮಡ್‌ಗಾರ್ಡಿಗೆ, ಕೊನೆಗೆ ಬಾಡಿಯಿಂದ ಬ್ಯಾಟರಿಗೆ. ಇಷ್ಟು ಜಾಗಗಳಲ್ಲಿ ಲೋಹಕ್ಕೆ ಲೋಹ ತಾಗಿ ನಿಂತಿರಬೇಕು. ಒಂದು ಕಡೆ ತುಕ್ಕಿನ ಪೊರೆ ಬಂದರೆ ಸಾಕು, ಬಲ್ಬಿಗೆ ಸಿಗಬೇಕಾದ ವೋಲ್ಟೇಜು ಆ ಪೊರೆಯಲ್ಲೇ ಕರಗುತ್ತದೆ.

ಎಷ್ಟು ಕರಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 12 ವೋಲ್ಟಿನಲ್ಲಿ 21 ವ್ಯಾಟಿನ ಬ್ರೇಕ್ ಬಲ್ಬು 1.75 ಆಂಪಿಯರ್ ಎಳೆಯುತ್ತದೆ. ಉರಿಯುವಾಗ ಅದರ ರೋಧ ಏಳು ಓಮಿಗಿಂತ ತುಸು ಕಡಿಮೆ. ಹೋಲ್ಡರಿನ ತುಕ್ಕು ಬರೀ ಅರ್ಧ ಓಮ್ ಸೇರಿಸಿದರೂ ಬಲ್ಬಿನ ಪಾಲಿನಿಂದ ಸುಮಾರು 0.8 ವೋಲ್ಟ್ ಹೋಗುತ್ತದೆ. ಕೇಳಲು ಇದು ಅಲ್ಪ. ಆದರೆ ತಂತು ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಹೆಚ್ಚುಕಡಿಮೆ ಮೂರೂವರೆ ಘಾತದಲ್ಲಿ ಕುಸಿಯುತ್ತದೆ. ಆ 0.8 ವೋಲ್ಟ್ ಹೋದರೆ ಬೆಳಕಿನಲ್ಲಿ ಐದರಲ್ಲೊಂದು ಪಾಲು ಹೋಯಿತು. ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಹಳೆಯ ಕಾರಿನ ದೀಪ ಹಳದಿಯಾಗಿ, ಸುಸ್ತಾದಂತೆ ಕಾಣುವುದಕ್ಕೆ ಆ ಕಾಲದ ಬಲ್ಬೇ ಹಾಗೆ ಎಂಬ ಸಮಾಧಾನ ಸರಿಯಲ್ಲ. ಹೊಸದಾಗಿದ್ದಾಗ ಅವು ಹಾಗೆ ಉರಿಯುತ್ತಿರಲಿಲ್ಲ.

ದೋಷ ಎಲ್ಲಿದೆ ಎಂದು ದೀಪಗಳೇ ಕೆಲವೊಮ್ಮೆ ಹೇಳುತ್ತವೆ. ಬ್ರೇಕ್ ಒತ್ತಿದಾಗ ಪಾರ್ಕಿಂಗ್ ದೀಪ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಅದೇ ಬದಿಯ ಟೈಲ್ ಲ್ಯಾಂಪ್ ಕೂಡ ತಾಳ ಹಾಕುವುದು, ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡಿನ ಮೀಟರ್ ದೀಪ ಮೆಲ್ಲಗೆ ಬೆಳಗುವುದು, ಇವೆಲ್ಲ ಅರ್ತ್ ಹೋದ ಲಕ್ಷಣಗಳು. ಎರಡು ತಂತುಗಳ ಬಲ್ಬಿನಲ್ಲಿ ಬಾಡಿಯ ಸಂಪರ್ಕ ಕಡಿದುಹೋದಾಗ ಬ್ರೇಕಿನ ಕರೆಂಟಿಗೆ ಇಳಿಯಲು ದಾರಿ ಇರುವುದಿಲ್ಲ. ಅದು ಬ್ರೇಕ್ ತಂತುವನ್ನು ದಾಟಿ ಪಕ್ಕದ ಟೈಲ್ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಟೈಲ್ ವೈರಿನ ಮೂಲಕ ನಂಬರ್ ಪ್ಲೇಟಿನ ದೀಪವನ್ನೋ ಮೀಟರ್ ದೀಪವನ್ನೋ ಹಾದು ಬಾಡಿ ಸೇರುತ್ತದೆ. ಇದನ್ನು ಕಂಡು ಸ್ವಿಚ್ ಬದಲಿಸಿ, ವೈರಿಂಗ್ ಕಿಟ್ ಪೂರ್ತಿ ಕಿತ್ತುಹಾಕಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಬೇಕಾಗಿದ್ದುದು ಒಂದು ಗೇಣು ಕಪ್ಪು ವೈರು ಮಾತ್ರ.

ಖಚಿತಪಡಿಸಿಕೊಳ್ಳಲು ಸಾಧಾರಣ ಮಲ್ಟಿಮೀಟರ್ ಸಾಕು. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು ಎಂಬುದೊಂದೇ ನಿಯಮ. ಬಲ್ಬು ತೆಗೆದು ಖಾಲಿ ಹೋಲ್ಡರಿನಲ್ಲಿ ಅಳೆದರೆ ಕರೆಂಟು ಹರಿಯದ ಕಾರಣ ಹಾಳಾದ ಹೋಲ್ಡರ್ ಕೂಡ 12 ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಉರಿಯುವ ಬಲ್ಬಿನ ಹಿತ್ತಾಳೆ ಟೋಪಿಗೂ ಹಿಡಿದಾಗ 0.1ರಿಂದ 0.2 ವೋಲ್ಟ್ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಲಸ ಇದೆ. ಆಮೇಲೆ ಮೊನೆಯನ್ನು ಟೋಪಿಯಿಂದ ಹೋಲ್ಡರಿನ ಗೋಡೆಗೆ, ಗೋಡೆಯಿಂದ ತಳತಗಡಿಗೆ, ಅಲ್ಲಿಂದ ಮಡ್‌ಗಾರ್ಡಿನ ಲೋಹಕ್ಕೆ ಸರಿಸುತ್ತಾ ಹೋಗಬೇಕು. ಯಾವ ಹೆಜ್ಜೆಯಲ್ಲಿ ಸಂಖ್ಯೆ ಥಟ್ಟನೆ ಇಳಿಯುತ್ತದೋ ದೋಷ ಆ ಎರಡು ಜಾಗಗಳ ನಡುವೆ ಇದೆ. ವೈರಿನ ಬದಿಯನ್ನೂ ಬ್ಯಾಟರಿಯ ಇನ್ನೊಂದು ತುದಿಯಿಂದ ಹೀಗೆಯೇ ಅಳೆಯಬಹುದು.

ಬಲ್ಬನ್ನು ಗುರುತಿಸುವುದು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ‘ಸಿಂಗಲ್ ಪಾಯಿಂಟ್’, ‘ಡಬಲ್ ಪಾಯಿಂಟ್’ ಎಂದರೆ ಬಲ್ಬು ಕೈಗೆ ಬರುತ್ತದೆ. ಆದರೂ ಬುಡದ ಗುರುತು ತಿಳಿದಿರುವುದು ಒಳ್ಳೆಯದು. ಇಂಡಿಕೇಟರಿನ ಬಲ್ಬು ಬಿಎ15ಎಸ್: ಟೋಪಿಯ ವ್ಯಾಸ 15 ಮಿ.ಮೀ., ಎದುರುಬದುರು ಒಂದೇ ಎತ್ತರದಲ್ಲಿ ಎರಡು ಕಿವಿ, ತಳದಲ್ಲಿ ಒಂದು ಬೊಟ್ಟು, 21 ವ್ಯಾಟ್. ಬ್ರೇಕ್ ಮತ್ತು ಟೈಲ್ ಒಂದರಲ್ಲೇ ಇರುವ ಬಲ್ಬು ಬಿಎವೈ15ಡಿ: ತಳದಲ್ಲಿ ಎರಡು ಬೊಟ್ಟು, ಒಂದು ಕಿವಿ ಇನ್ನೊಂದಕ್ಕಿಂತ ಮೇಲೆ, 21 ವ್ಯಾಟ್ ಮತ್ತು 5 ವ್ಯಾಟ್ ಎಂಬ ಎರಡು ತಂತು. ಕಿವಿಗಳ ಎತ್ತರ ಬೇರೆಯಿರುವುದು ಬಲ್ಬು ತಿರುವುಮುರುವಾಗಿ ಕೂರದಿರಲಿ ಎಂದೇ. ಬ್ರಿಟಿಷ್ ಬಿಡಿಭಾಗ ಕಂಪನಿ ಲ್ಯೂಕಸ್‌ನ ಪದ್ಧತಿಯಲ್ಲಿ ಇವೆರಡರ ಸಂಖ್ಯೆ 382 ಮತ್ತು 380. ಬ್ರಿಟಿಷ್ ಕಾರುಗಳ ಹಳೆಯ ಕೈಪಿಡಿಗಳಲ್ಲಿ ಈ ಸಂಖ್ಯೆಗಳೇ ಇರುವುದರಿಂದ ನೆನಪಿಟ್ಟುಕೊಳ್ಳುವುದು ಉಪಯುಕ್ತ. ಸಣ್ಣ ಪಾರ್ಕಿಂಗ್ ದೀಪಕ್ಕೆ 5 ವ್ಯಾಟಿನ 207, ಇನ್ನೂ ಚಿಕ್ಕ 9 ಮಿ.ಮೀ. ಬುಡದ 4 ವ್ಯಾಟಿನ 233, ಮೀಟರುಗಳ ಹಿಂದೆ ತಿರುಪಿನ ಬುಡದ 2.2 ವ್ಯಾಟಿನ 987. ಚಾವಣಿಯ ದೀಪದಲ್ಲಿ ಸಾಮಾನ್ಯವಾಗಿ ಎರಡೂ ತುದಿ ಚೂಪಾದ ಕೊಳವೆ ಬಲ್ಬು ಇರುತ್ತದೆ.

ಸವೆದ ಹೋಲ್ಡರಿನಲ್ಲಿ ತಪ್ಪು ಬಲ್ಬು ಕೂಡ ಕೂತುಬಿಡುತ್ತದೆ. ಕಿವಿ ಸಿಕ್ಕಿಕೊಳ್ಳುವ ಕೊಂಡಿ ಹಿಗ್ಗಿದ್ದರೆ ಡಬಲ್ ಪಾಯಿಂಟ್ ಬಲ್ಬನ್ನು ತಿರುಗಿಸಿ ಹಾಕಲು ಸಾಧ್ಯವಾಗುತ್ತದೆ. ಆಗ ಪಾರ್ಕಿಂಗ್ ಹಾಕಿದಾಗ 21 ವ್ಯಾಟು, ಬ್ರೇಕಿಗೆ 5 ವ್ಯಾಟು. ಹಿಂದೆ ಬರುವವನಿಗೆ ರಾತ್ರಿಯಲ್ಲಿ ಈ ಕಾರು ಬ್ರೇಕ್ ಹಾಕಿದ್ದೇ ತಿಳಿಯುವುದಿಲ್ಲ. ಸಿಂಗಲ್ ಪಾಯಿಂಟ್ ಬಲ್ಬನ್ನು ಎರಡು ಬೊಟ್ಟಿನ ಹೋಲ್ಡರಿಗೆ ತುರುಕಿದರೆ ಅದರ ಒಂದೇ ಅಗಲ ಬೊಟ್ಟು ಎರಡೂ ಸಂಪರ್ಕಗಳನ್ನು ಬೆಸೆದು, ಬ್ರೇಕ್ ಒತ್ತಿದಾಗಲೆಲ್ಲ ಪಾರ್ಕಿಂಗ್ ದೀಪಗಳೂ ಹತ್ತಿಕೊಳ್ಳುತ್ತವೆ.

ಬಲ್ಬು ಸುಡದಿದ್ದರೂ ಬದಲಿಸಬೇಕಾದ ಕಾಲ ಬರುತ್ತದೆ. ಗಾಜಿನ ಒಳಮೈ ಕನ್ನಡಿಯಂತೆ ಕಪ್ಪಾಗಿದ್ದರೆ ಅದು ತಂತುವಿನಿಂದ ಆವಿಯಾಗಿ ಅಂಟಿದ ಟಂಗ್‌ಸ್ಟನ್. ಬೆಳಕಿಗೆ ಅಡ್ಡ ನಿಲ್ಲುವ ಅದು ಹೊರಗಿನಿಂದ ಒರೆಸಿದರೆ ಹೋಗದು. ತಳದ ಬೊಟ್ಟು ಚಪ್ಪಟೆಯಾಗಿ ಗುಳಿಬಿದ್ದಿದ್ದರೂ ಬಲ್ಬಿನ ಆಯುಸ್ಸು ಮುಗಿದಿದೆ. ಎಡಬಲದ ಬಲ್ಬುಗಳನ್ನು ಜೋಡಿಯಾಗಿಯೇ ಬದಲಿಸಿದರೆ ಎರಡೂ ಬದಿ ಒಂದೇ ಹೊಳಪು ಬರುತ್ತದೆ.

ಬಿಚ್ಚುವ ಕೆಲಸ

ಬ್ಯಾಟರಿಯ ಅರ್ತ್ ತುದಿಯನ್ನು ಕಳಚಿಟ್ಟು ಶುರು ಮಾಡಬೇಕು. ಅದು ಮೈನಸ್ಸೇ ಆಗಿರಬೇಕೆಂದಿಲ್ಲ. 1960ರ ದಶಕದ ಮಧ್ಯದವರೆಗಿನ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಜೋಡಿಸಿರುತ್ತಿದ್ದರು. ಲೆನ್ಸ್ ಹಿಡಿದ ಸ್ಕ್ರೂಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಕ್ರೋಮ್ ಮಾಡಿದ ಎರಕದ ಚೌಕಟ್ಟಿನಲ್ಲಿ ಉಕ್ಕಿನ ಸ್ಕ್ರೂ ಕಚ್ಚಿಕೊಂಡಿದ್ದರೆ ಬಲ ಹಾಕಬಾರದು. ಸ್ಕ್ರೂ ಮುರಿಯುವ ಮೊದಲು ಚೌಕಟ್ಟಿನ ಕಿವಿ ಮುರಿಯುತ್ತದೆ, ಹಳೆಯ ಚೌಕಟ್ಟು ಮತ್ತೆ ಸಿಗುವುದು ಬಲು ಕಷ್ಟ. ಬಲ್ಬು ಹೋಲ್ಡರಿಗೇ ಅಂಟಿ ಹೋಗಿದ್ದರೆ ಬರಿಗೈಯಲ್ಲಿ ತಿರುಚುವ ಸಾಹಸ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಬಟ್ಟೆ. ಗಾಜು ಒಡೆದರೂ ಟೋಪಿಯ ಅಂಚನ್ನು ಸಪೂರ ಮೂತಿಯ ಪ್ಲೈಯರಿನಿಂದ ಒಳಕ್ಕೆ ಮಡಿಸಿ ತಿರುಗಿಸಿದರೆ ಹೊರಬರುತ್ತದೆ.

ವೈರುಗಳನ್ನು ಕತ್ತರಿಸುವ ಮೊದಲು ಯಾವುದು ಎಲ್ಲಿಗೆ ಎಂದು ಬರೆದಿಟ್ಟುಕೊಳ್ಳಬೇಕು, ಫೋನಿನಲ್ಲಿ ಚಿತ್ರ ತೆಗೆದರೆ ಇನ್ನೂ ವಾಸಿ. ಬ್ರಿಟಿಷ್ ಪದ್ಧತಿಯ ವೈರಿಂಗಿನಲ್ಲಿ ಬಣ್ಣಕ್ಕೆ ಅರ್ಥವಿದೆ. ಕೆಂಪು ಪಾರ್ಕಿಂಗ್ ಮತ್ತು ಟೈಲ್ ದೀಪಗಳದು. ಹಸಿರಿನ ಮೇಲೆ ನೇರಳೆ ಗೆರೆ ಇದ್ದರೆ ಬ್ರೇಕ್, ಕೆಂಪು ಗೆರೆ ಇದ್ದರೆ ಎಡ ಇಂಡಿಕೇಟರ್, ಬಿಳಿ ಗೆರೆ ಇದ್ದರೆ ಬಲ ಇಂಡಿಕೇಟರ್. ನೀಲಿಯ ಮೇಲೆ ಬಿಳಿ ಗೆರೆ ಹೈ ಬೀಮಿಗೆ, ಕೆಂಪು ಗೆರೆ ಡಿಪ್‌ಗೆ. ಕಪ್ಪು ಅರ್ತ್. ಫಿಯೆಟ್ 1100ರಿಂದ ಬಂದ ಪದ್ಮಿನಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಬಾಸಿಡರಿನಲ್ಲಿಯೂ ಬಣ್ಣವನ್ನಷ್ಟೇ ನಂಬಿ ಕೂರುವಂತಿಲ್ಲ. ನಾಲ್ಕಾರು ಕೈ ದಾಟಿದ ಕಾರಿನಲ್ಲಿ ಆ ಹೊತ್ತಿಗೆ ಸಿಕ್ಕ ಬಣ್ಣದ ವೈರೇ ಎಷ್ಟೋ ಕಡೆ ಸೇರಿಕೊಂಡಿರುತ್ತದೆ. ಮೀಟರ್ ಹಿಡಿದು ನೋಡಿದ್ದೇ ಸತ್ಯ.

ಹಳೆಯ ಹೋಲ್ಡರಿಗೆ ಹೊಸ ಒಳಗು

ಹೋಲ್ಡರನ್ನು ಪೂರ್ತಿ ಬದಲಿಸಬೇಕೇ, ಒಳಗಿನ ಭಾಗ ಮಾತ್ರ ಸಾಕೇ ಎಂಬುದನ್ನು ಅದರ ಗೋಡೆ ನೋಡಿ ತೀರ್ಮಾನಿಸಬಹುದು. ಗೋಡೆ ಗಟ್ಟಿಯಾಗಿದ್ದು, ಕಿವಿ ಕೂರುವ ಕೊಂಡಿಗಳು ಸವೆಯದೆ ಇದ್ದರೆ ಅದನ್ನು ಉಳಿಸಿಕೊಳ್ಳುವುದೇ ಮೇಲು. ಮಾರುಕಟ್ಟೆಯ ಈಗಿನ ಹೋಲ್ಡರುಗಳ ತಗಡು ತೆಳು. ಹಳೆಯ ತಳತಗಡಿನ ರಂಧ್ರಕ್ಕೆ ಅಳತೆಯೂ ಸರಿಯಾಗಿ ಕೂರುವುದಿಲ್ಲ. ಬಲ್ಬು ಎರಡು ಮೂರು ಮಿ.ಮೀ. ಹಿಂದೆಮುಂದೆ ಆದರೂ ತಂತು ಪ್ರತಿಫಲಕದ ನಾಭಿಯಿಂದ ತಪ್ಪಿ ಬೆಳಕು ಚೆದುರುತ್ತದೆ.

ಹಳೆಯ ಹೋಲ್ಡರಿನ ಒಳಗೆ ಇರುವುದು ಮೂರೇ ವಸ್ತು. ಕಂದು ಬಣ್ಣದ ಫೈಬರ್ ಬಿಲ್ಲೆ, ಅದರ ರಂಧ್ರದಲ್ಲಿ ಕೂತ ಹಿತ್ತಾಳೆ ಗುಂಡಿಗಳು, ಅವನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್. ಬಿಲ್ಲೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಳಕ್ಕೆ ಒತ್ತಿ ಬಿಟ್ಟು ನೋಡಿದರೆ ರೋಗ ಗೊತ್ತಾಗುತ್ತದೆ. ಚಟಕ್ಕನೆ ಪುಟಿದು ಬಂದರೆ ಸ್ಪ್ರಿಂಗಿಗೆ ಜೀವವಿದೆ. ಒತ್ತಿದಲ್ಲೇ ಕೂತರೆ ಅಥವಾ ಓರೆಯಾಗಿ ನಿಂತರೆ ಅದರ ಕೆಲಸ ಮುಗಿದಿದೆ. ಇಂಥ ಹೋಲ್ಡರಿನಲ್ಲಿ ಬಲ್ಬು ಕೂತಿರುತ್ತದೆ, ಹಳ್ಳಕೊಳ್ಳದ ರಸ್ತೆಯಲ್ಲಿ ಮಾತ್ರ ಆರುತ್ತದೆ, ಗ್ಯಾರೇಜಿಗೆ ತಂದು ನಿಲ್ಲಿಸಿದಾಗ ಮತ್ತೆ ಉರಿಯುತ್ತದೆ.

ವೈರನ್ನು ಹೊರಗಿನಿಂದ ಒಳಕ್ಕೆ ತಳ್ಳಿದರೆ ಬಿಲ್ಲೆ, ಗುಂಡಿ, ಸ್ಪ್ರಿಂಗ್ ಒಟ್ಟಿಗೆ ಬಾಯಿಯಿಂದ ಹೊರಬರುತ್ತವೆ. ಖಾಲಿ ಗೋಡೆಯನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಬೆರಳಿಗೆ ಸುತ್ತಿದ ನಯವಾದ ಉಪ್ಪುಕಾಗದದಿಂದ ತಿಕ್ಕಿ, ಲೋಹದ ಹೊಳಪು ಕಾಣುವವರೆಗೆ ಬಿಡಬಾರದು. ಮುಖ್ಯವಾದದ್ದು ಕಿವಿ ಕೂರುವ ಕೊಂಡಿಯ ಒಳಬದಿ. ಬಲ್ಬಿನ ಅರ್ತ್ ಹೆಚ್ಚಾಗಿ ದಾಟುವುದು ಅಲ್ಲಿಂದಲೇ, ಬ್ರಷ್ ತಲುಪದೇ ಉಳಿಯುವುದೂ ಅಲ್ಲೇ. ಕೊನೆಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪುಡಿಯನ್ನೆಲ್ಲ ತೊಳೆದುಬಿಡಬೇಕು. ಪುಡಿ ಉಳಿದರೆ ಶಾರ್ಟ್ ಆಗುವ ಸಂಭವವುಂಟು.

ಹೊಸ ವೈರು ಹಳೆಯದರಷ್ಟೇ ದಪ್ಪವಿರಬೇಕು. ಬ್ರಿಟಿಷ್ ಕಾರುಗಳಲ್ಲಿ ಟೈಲ್ ಮತ್ತು ಇಂಡಿಕೇಟರಿಗೆ 0.30 ಮಿ.ಮೀ.ನ 14 ಎಳೆಗಳ, ಅಂದರೆ ಒಂದು ಚದರ ಮಿ.ಮೀ. ತಾಮ್ರದ ವೈರು ಸಾಕಾಗುತ್ತದೆ. ಜೋಡಿಸುವ ಕ್ರಮ ತಪ್ಪಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾದೀತು. ಮೊದಲು ರಬ್ಬರ್ ಟೋಪಿ, ಆಮೇಲೆ ಹೋಲ್ಡರಿನ ಹಿಂಬದಿಯ ರಂಧ್ರ, ಆಮೇಲೆ ಸ್ಪ್ರಿಂಗ್, ಕೊನೆಗೆ ಬಿಲ್ಲೆ, ಇವುಗಳ ಮೂಲಕ ವೈರನ್ನು ಪೋಣಿಸಿದ ನಂತರವೇ ತುದಿಗೆ ಗುಂಡಿ ಹಾಕಬೇಕು. ತುದಿಯ ಐದಾರು ಮಿ.ಮೀ. ಸಿಪ್ಪೆ ತೆಗೆದು, ಎಳೆಗಳನ್ನು ಹೊಸೆದು, ಗುಂಡಿಯ ಕೊಳವೆಯೊಳಗೆ ತೂರಿಸಿ ಮೊದಲು ಒತ್ತಿ ಹಿಡಿಸಿ ನಂತರ ಬೆಸುಗೆ ಹಾಕುವುದು ಒಳ್ಳೆಯ ರೂಢಿ. ಬರೀ ಬೆಸುಗೆಯನ್ನು ನೆಚ್ಚಿದರೆ ಕಾರಿನ ಅದುರಿಕೆಗೆ ವೈರು ಬೆಸುಗೆ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ಬೆಸುಗೆ ಗುಂಡಿಯ ತಲೆಯ ಮೇಲೆ ನಯವಾದ ಗುಮ್ಮಟದಂತೆ ನಿಲ್ಲಬೇಕು. ಮುಳ್ಳಿನಂತೆ ಎದ್ದಿದ್ದರೆ ಅರದಿಂದ ಸವರಬೇಕು. ಎರಡು ಗುಂಡಿಯ ಹೋಲ್ಡರಿನಲ್ಲಿ ಎರಡರ ಎತ್ತರವೂ ಒಂದೇ ಇರುವುದು ಅಗತ್ಯ. ಒಂದು ಅರ್ಧ ಮಿ.ಮೀ. ತಗ್ಗಿದರೂ ಆ ತಂತು ಉರಿಯುವುದು ರಸ್ತೆ ಚೆನ್ನಾಗಿದ್ದಾಗ ಮಾತ್ರ.

ಗೋಡೆಯೇ ತುಕ್ಕು ತಿಂದು ತೂತಾಗಿದ್ದರೆ ಹೊಸ ಹೋಲ್ಡರ್ ಅನಿವಾರ್ಯ. ಕೊಳ್ಳುವಾಗ ಸರಿಯಾದ ಬಲ್ಬೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲೇ ಕೂರಿಸಿ ಅಲ್ಲಾಡಿಸಿ ನೋಡಬೇಕು. ಹಳೆಯ ಹೋಲ್ಡರನ್ನು ತಳತಗಡಿಗೆ ರಿವೆಟ್ ಮಾಡಿದ್ದರೆ ಕೊರೆದು ತೆಗೆದು, ಆ ಜಾಗದ ಬಣ್ಣ ಮತ್ತು ತುಕ್ಕನ್ನು ಕೆರೆದ ಮೇಲೆಯೇ ಹೊಸದನ್ನು ಕೂರಿಸಬೇಕು.

ಅರ್ತ್‌ಗೆ ಅದರದೇ ವೈರು

ಈ ಇಡೀ ಕೆಲಸದಲ್ಲಿ ಕಡಿಮೆ ಖರ್ಚಿನ, ಹೆಚ್ಚು ಫಲದ ಭಾಗ ಇದು. ಹೋಲ್ಡರಿನ ಗೋಡೆಗೆ ಒಂದು ಕಪ್ಪು ವೈರನ್ನು ಬೆಸೆದು ಅಥವಾ ಸ್ಕ್ರೂನಿಂದ ಬಿಗಿದು, ಡಿಕ್ಕಿಯೊಳಗೆ ಒಣಗಿದ ಜಾಗದಲ್ಲಿ ಬಣ್ಣ ಕೆರೆದ ಲೋಹಕ್ಕೆ ಉಂಗುರದ ಟರ್ಮಿನಲ್ಲಿನಿಂದ ಜೋಡಿಸಿದರೆ ತಳತಗಡು, ಸ್ಕ್ರೂ, ಮಡ್‌ಗಾರ್ಡುಗಳ ಹಂಗು ತಪ್ಪುತ್ತದೆ. ಮಡ್‌ಗಾರ್ಡ್ ಹೊಸದಾಗಿ ಪೇಂಟ್ ಆಗಿರುವ ಕಾರಿಗಂತೂ ಇದು ಬೇಕೇ ಬೇಕು. ಚಂದದ ದಪ್ಪ ಬಣ್ಣ ಕರೆಂಟಿಗೆ ಗೋಡೆ. ಪೇಂಟ್ ಮುಗಿಸಿ ತಂದ ಕಾರಿನ ದೀಪಗಳು ಕೈಕೊಡುವುದಕ್ಕೆ ಬಹಳ ಸಲ ಇದೇ ಕಾರಣ.

ಜೋಡಿಸಿದ ಮೇಲೆ ಎಲ್ಲ ಸಂಪರ್ಕಗಳಿಗೂ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತೇವ ಹತ್ತಿರ ಸುಳಿಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಓಡುವ ಕಾರುಗಳಿಗೆ ಇದು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ ಆಗಬೇಕಾದ ಕೆಲಸ.

ಎಲ್‌ಇಡಿ ಹಾಕುವುದಾದರೆ

ಹಳೆಯ ಬುಡಕ್ಕೇ ಕೂರುವ ಎಲ್‌ಇಡಿ ಬಲ್ಬುಗಳು ಈಗ ಎಲ್ಲೆಡೆ ಸಿಗುತ್ತವೆ. ಕರೆಂಟು ಕಡಿಮೆ, ಬಿಸಿ ಕಡಿಮೆ, ಡೈನಮೋ ಇರುವ ಕಾರಿಗೆ ಹೊರೆಯೂ ಕಡಿಮೆ. ಟೈಲ್ ಮತ್ತು ಬ್ರೇಕ್ ದೀಪಕ್ಕೆ ಇವು ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಕೆಂಪು ಲೆನ್ಸಿನ ಹಿಂದೆ ಕೆಂಪು ಎಲ್‌ಇಡಿಯನ್ನೇ, ಹಳದಿಯ ಹಿಂದೆ ಹಳದಿಯನ್ನೇ ಹಾಕಬೇಕು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ ಇರುವುದರಿಂದ ಕೆಂಪು ಲೆನ್ಸಿನಲ್ಲಿ ಅದು ಪೇಲವವಾಗಿ ಗುಲಾಬಿಗೆ ತಿರುಗುತ್ತದೆ. ಬದಿಗೂ ಬೆಳಕು ಚೆಲ್ಲುವ ಬಲ್ಬನ್ನು ಆರಿಸಬೇಕು, ಇಲ್ಲವಾದರೆ ಪ್ರತಿಫಲಕ ಕತ್ತಲಲ್ಲೇ ಉಳಿದು ಲೆನ್ಸಿನ ನಡುವೆ ಒಂದು ಚುಕ್ಕೆ ಮಾತ್ರ ಹೊಳೆಯುತ್ತದೆ. ಪ್ಲಸ್ ಅರ್ತ್ ಇರುವ ಕಾರಿಗೆ ಅದಕ್ಕೆಂದೇ ಮಾಡಿದ, ಅಥವಾ ಎರಡೂ ದಿಕ್ಕಿಗೆ ಉರಿಯುವ ಎಲ್‌ಇಡಿ ಬೇಕು.

ಇಂಡಿಕೇಟರಿನಲ್ಲಿ ಬೇರೆಯದೇ ತೊಡಕಿದೆ. ಹಳೆಯ ಫ್ಲಾಷರ್ ಕೆಲಸ ಮಾಡುವುದು ಶಾಖದಿಂದ. ಎರಡು 21 ವ್ಯಾಟಿನ ಬಲ್ಬುಗಳ ಮೂರೂವರೆ ಆಂಪಿಯರ್ ಹರಿದರೆ ಅದರೊಳಗಿನ ತಂತಿ ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ಸಂಪರ್ಕವನ್ನು ತೆರೆದು ಮುಚ್ಚುತ್ತದೆ. ಎಲ್‌ಇಡಿ ಎಳೆಯುವ ಕರೆಂಟು ಅದನ್ನು ಬಿಸಿ ಮಾಡಲು ಸಾಲದು. ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿದರೆ ಇದು ಬಗೆಹರಿಯುತ್ತದೆ, ಅದನ್ನೂ ಅರ್ತ್ ದಿಕ್ಕು ನೋಡಿಯೇ ಕೊಳ್ಳಬೇಕು. ಎಡಬಲಕ್ಕೆ ಒಂದೇ ಸೂಚಕ ದೀಪವನ್ನು ಎರಡು ಬದಿಗಳ ನಡುವೆ ಜೋಡಿಸಿರುವ ಕಾರುಗಳಲ್ಲಿ, ಆ ಪುಟ್ಟ ಬಲ್ಬಿನ ಮೂಲಕ ಹಾದ ಕರೆಂಟೇ ಎದುರು ಬದಿಯ ಎಲ್‌ಇಡಿಗಳನ್ನು ಹೊತ್ತಿಸಲು ಸಾಕಾಗಿ ನಾಲ್ಕೂ ಮೂಲೆ ಮಿನುಗುವುದುಂಟು. ಇಂಡಿಕೇಟರಿಗೆ ತಂತು ಬಲ್ಬನ್ನೇ ಉಳಿಸಿಕೊಳ್ಳುವುದು ಸರಳ ದಾರಿ. ಅದು ಸದಾ ಉರಿಯುವ ದೀಪವೂ ಅಲ್ಲ.

ಹೆಡ್‌ಲೈಟ್

ಅಂಬಾಸಿಡರಿನ 7 ಇಂಚಿನ ಗುಂಡು ಹೆಡ್‌ಲೈಟಿಗೆ ಎಚ್4 ಹ್ಯಾಲೊಜೆನ್ ಬಲ್ಬು ಕೂರುವ ಪ್ರತಿಫಲಕಗಳು ಸುಲಭವಾಗಿ ಸಿಗುತ್ತವೆ. 1971ರಲ್ಲಿ ಬಂದ ಈ ಬಲ್ಬಿನ ಹೈ ಬೀಮ್ 60 ವ್ಯಾಟ್, ಡಿಪ್ 55 ವ್ಯಾಟ್. ಅದಕ್ಕೂ ಮೊದಲಿನ 45/40 ವ್ಯಾಟಿನ ಬಲ್ಬಿಗಿಂತ ಇದು ಹೆಚ್ಚು ಕರೆಂಟು ಬೇಡುತ್ತದೆ: ಎರಡು ಹೈ ಬೀಮಿಗೆ 10 ಆಂಪಿಯರ್. ಇಷ್ಟೂ ಹಳೆಯ ಡಿಪ್ ಸ್ವಿಚ್ಚಿನ ಮೂಲಕ ಹೋದರೆ ಸ್ವಿಚ್ಚು ಕರಗುತ್ತದೆ, ಬೆಳಕೂ ಪೂರ್ತಿ ಬರದು. ಹೈ ಮತ್ತು ಡಿಪ್‌ಗೆ ಒಂದೊಂದು ರಿಲೇ ಹಾಕಿ, ಅದರ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು, 87ರಿಂದ ಬಲ್ಬಿಗೆ, 85 ಮತ್ತು 86ರಲ್ಲಿ ಒಂದಕ್ಕೆ ಹಳೆಯ ಸ್ವಿಚ್ಚಿನ ವೈರು, ಇನ್ನೊಂದಕ್ಕೆ ಅರ್ತ್ ಕೊಟ್ಟರೆ ಸ್ವಿಚ್ಚಿನ ಮೇಲಿನ ಭಾರ ನಾಮಮಾತ್ರಕ್ಕೆ ಇಳಿಯುತ್ತದೆ. 100/90 ವ್ಯಾಟಿನ ಬಲ್ಬುಗಳ ಆಸೆ ಬೇಡ. ಅವುಗಳ ಬಿಸಿಗೆ ಬಲ್ಬಿನ ಹಿಂದಿನ ಪ್ಲಾಸ್ಟಿಕ್ ಸಾಕೆಟ್ ಸುಟ್ಟು ಕರಕಲಾಗುತ್ತದೆ, ಪ್ರತಿಫಲಕದ ಬೆಳ್ಳಿಬಣ್ಣವೂ ಏಳುತ್ತದೆ. ಹ್ಯಾಲೊಜೆನ್ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಚರ್ಮದ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆ. ತಪ್ಪಿ ಮುಟ್ಟಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಲ್ಬು ಬದಲಾದ ಮೇಲೆ ಸಮತಟ್ಟಾದ ಜಾಗದಲ್ಲಿ ಗೋಡೆಯೆದುರು ನಿಲ್ಲಿಸಿ ಬೆಳಕಿನ ಎತ್ತರವನ್ನು ಹೊಂದಿಸಿಕೊಳ್ಳುವುದು ಎದುರಿನಿಂದ ಬರುವವರ ಕಣ್ಣಿಗೆ ಮಾಡುವ ಉಪಕಾರ.

ಎಲ್ಲ ದೀಪ ಉರಿದ ನಂತರ ಲೆನ್ಸ್ ಮುಚ್ಚಬೇಕು. ಹಳೆಯ ರಬ್ಬರ್ ಗ್ಯಾಸ್ಕೆಟ್ ಒಣಗಿ ಬಿರಿದಿದ್ದರೆ ಅದನ್ನೇ ಮತ್ತೆ ಹಾಕಿದರೆ ಮುಂದಿನ ಮಳೆಗೆ ಹೋಲ್ಡರಿನಲ್ಲಿ ಮತ್ತೆ ನೀರು. ಅದರ ಬದಲು ಸಿಲಿಕೋನ್ ಅಂಟು ಬಳಿದು ಲೆನ್ಸನ್ನು ಶಾಶ್ವತವಾಗಿ ಮುಚ್ಚುವುದೂ ಸಲ್ಲದು, ಒಳಗೆ ಸೇರಿದ ತೇವ ಅಲ್ಲೇ ಕೊಳೆಯುತ್ತದೆ, ಮುಂದೆ ಬಲ್ಬು ತೆಗೆಯುವಾಗ ಲೆನ್ಸ್ ಒಡೆಯುತ್ತದೆ. ಹಲವು ದೀಪಗಳ ತಳದಲ್ಲಿ ನೀರು ಇಳಿಯಲೆಂದು ಬಿಟ್ಟ ಸಣ್ಣ ರಂಧ್ರವನ್ನು ಕೆಸರು, ಬಣ್ಣ ಮುಚ್ಚಿರುತ್ತದೆ, ಕಡ್ಡಿಯಿಂದ ಬಿಡಿಸಬೇಕು. ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದರೆ ಹಳೆಯ ಪ್ಲಾಸ್ಟಿಕ್ ಬಿರಿಯುವುದಿಲ್ಲ. ಕೊನೆಯ ಪರೀಕ್ಷೆಗೆ ಒಂದೊಂದೇ ದೀಪ ಹಚ್ಚಿದರೆ ಸಾಲದು. ಎಂಜಿನ್ ಚಾಲೂ ಇಟ್ಟು, ಪಾರ್ಕಿಂಗ್ ದೀಪ ಉರಿಯುತ್ತಿರುವಾಗಲೇ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ, ಅದರ ಮೇಲೆ ಇಂಡಿಕೇಟರ್ ಹಾಕಿಸಿ, ಹಿಂದೆ ನಿಂತು ನೋಡಬೇಕು. ಒಂದು ದೀಪ ಹತ್ತಿದಾಗ ಮತ್ತೊಂದು ಅಲುಗದಿದ್ದರೆ ಹೋಲ್ಡರ್ ಮತ್ತು ಅರ್ತ್ ಎರಡೂ ಸರಿಯಾಗಿವೆ.